ಸಂಪಾದಕರ ಉತ್ತರ: ಬರ್ಗರ್ ಯಾಕೆ ಕೂದಲು ಕತ್ತರಿಸಿಕೊಂಡ?

ಪ್ರೀತಿಯ ಟೀಚರ್ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಎರಡು ಸಾಲು ಬರೆದು ಓದುಗರ ಪುಟದಲ್ಲಿ ಹಾಕಿಬಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಕೈಯಲ್ಲಿ ಬರೆದ ಏಳು ಪುಟ ಅದು. ಅದರಲ್ಲಿ ಸಿಟ್ಟಿದೆ, ಸಿಟ್ಟಿನ ಜೊತೆ ನೋವೂ ಇದೆ. ಹಾಗಾಗಿ ಆ ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ನೋಡಿ, ಆಮೇಲೆ ಬರೆಯಲು ಕೂತಿದ್ದೇನೆ.

ಉಳಿದ ಓದುಗರಿಗೂ ವಿಷಯ ಗೊತ್ತಿರಲಿ. ಕಳೆದ ಸಂಚಿಕೆಯಲ್ಲಿ ನಾವು ವಿಯೆಟ್ನಾಮ್ ಯುದ್ಧದ ಕಾಲದ ಕಥೆ ಹೇಳುವ, 1979ರ ಅಮೆರಿಕದ ‘ಹೇರ್’ (ಅಂದರೆ ಕೂದಲು) ಸಿನಿಮಾ ಬಗ್ಗೆ ಆರು ಪುಟದ ಲೇಖನ ಹಾಕಿದ್ದೆವು. ಕೊಡಗಿನ ಈ ನಿವೃತ್ತ ಟೀಚರ್ ಅದನ್ನು ಓದಿ, ಮೊಮ್ಮಗಳ ಜೊತೆ ಕೂತು ಸಿನಿಮಾ ನೋಡಿದ್ದಾರೆ. ಅವರ ಅಣ್ಣ 1971ರ ಯುದ್ಧದಲ್ಲಿ ಇದ್ದವರು. ಪತ್ರದಲ್ಲಿ ಅವರು ಕೇಳಿರುವುದು ಇಷ್ಟು. ಸೈನ್ಯಕ್ಕೆ ಹೆದರಿ ಓಡಿದ ಹೇಡಿಗಳ ಕಥೆಯನ್ನು ನೀವು ಹೊಗಳಿದ್ದೀರಿ, ಇದು ಸೈನಿಕರಿಗೆ ಮಾಡಿದ ಅವಮಾನ ಅಲ್ವಾ? ಸಾವಿನ ವಿಷಯದಲ್ಲಿ ಹಾಡು ಕುಣಿತ ಯಾಕೆ? ಕೃಷ್ಣನ ನಾಮವನ್ನು ಮತ್ತಿನ ಪದಾರ್ಥದ ಜೊತೆ ಸೇರಿಸಿದ್ದು ಸರಿಯಾ? ಮನೆ ಬಿಟ್ಟು ಪಾರ್ಕಿನಲ್ಲಿ ಬಿದ್ದುಕೊಂಡ ಹುಡುಗರಿಂದ ನನ್ನ ಮೊಮ್ಮಗಳು ಏನು ಕಲಿಯಬೇಕು?

ಮೊದಲು ‘ಹೇಡಿ’ ಅನ್ನುವ ಮಾತು.

ಟೀಚರ್, ನಿಮ್ಮ ಅಣ್ಣ ಸೈನ್ಯಕ್ಕೆ ಹೋದದ್ದು ತಾವಾಗಿಯೇ. ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಯಾವ ಹುಡುಗನನ್ನೂ ಕಾನೂನಿನ ಬಲದಿಂದ ಎಳೆದು ಸೈನ್ಯಕ್ಕೆ ಸೇರಿಸಿಲ್ಲ. ಕೊಡಗಿನಲ್ಲಂತೂ ಸೈನ್ಯಕ್ಕೆ ಹೋಗುವುದು ಮನೆತನದ ಹೆಮ್ಮೆ. ಹಾಗಾಗಿ ನಮಗೆ ಈ ಸಿನಿಮಾದ ನಡುಗಂಬವೇ ಕಣ್ಣಿಗೆ ಬೀಳುವುದಿಲ್ಲ. ವಿಯೆಟ್ನಾಮ್ ಯುದ್ಧದ ಆ ಕಾಲದಲ್ಲಿ ಅಮೆರಿಕದಲ್ಲಿ ಇದ್ದದ್ದು ಡ್ರಾಫ್ಟ್, ಅಂದರೆ ಕಾನೂನಿನ ಬಲದಿಂದ ಸೈನ್ಯಕ್ಕೆ ಸೇರಿಸುವುದು. ಹದಿನೆಂಟು ತುಂಬಿದ ಪ್ರತಿ ಹುಡುಗನೂ ಹೆಸರು ಬರೆಸಬೇಕು, ಕಾರ್ಡು ಇಟ್ಟುಕೊಂಡಿರಬೇಕು, ಕಾಗದ ಬಂದ ದಿನ ಹಾಜರಾಗಬೇಕು. ಆ ಕಾರ್ಡನ್ನು ಬೇಕೆಂದೇ ಸುಟ್ಟರೆ ಐದು ವರ್ಷದವರೆಗೆ ಜೈಲು ಎಂದು 1965ರಲ್ಲಿ ಕಾನೂನೇ ಆಯಿತು. 1964ರಿಂದ 1973ರವರೆಗೆ ಹೀಗೆ ಸುಮಾರು 22 ಲಕ್ಷ ಹುಡುಗರನ್ನು ತೆಗೆದುಕೊಂಡರು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ವಿನಾಯಿತಿ ಇತ್ತು. ಅಂದರೆ ಫೀಸು ಕಟ್ಟಲು ಆಗುವ ಮನೆಯ ಮಗ ಉಳಿದುಕೊಂಡ, ಗ್ಯಾರೇಜಿನಲ್ಲಿ ಕೆಲಸ ಮಾಡುವವನ ಮಗ, ರೈತನ ಮಗ, ಕಪ್ಪು ಜನರ ಮಗ ಹೋದ. ಮಾರ್ಟಿನ್ ಲೂಥರ್ ಕಿಂಗ್ 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಈ ಅನ್ಯಾಯವನ್ನೇ ಎತ್ತಿ ಮಾತಾಡಿದರು. ಅದೇ ತಿಂಗಳ ಕೊನೆಗೆ ಹ್ಯೂಸ್ಟನ್ನಿನಲ್ಲಿ ಬಾಕ್ಸರ್ ಮುಹಮ್ಮದ್ ಅಲಿ, ಸೈನ್ಯಕ್ಕೆ ಸೇರಿಸಲು ತಮ್ಮ ಹೆಸರು ಕೂಗಿದಾಗ ಮುಂದೆ ಹೆಜ್ಜೆ ಇಡಲಿಲ್ಲ, ಚಾಂಪಿಯನ್ ಪಟ್ಟ ಹೋಯಿತು. ಅವರನ್ನು ಹೇಡಿ ಅನ್ನಲು ಸಾಧ್ಯವಾ?

ಇನ್ನು ಸಿನಿಮಾದ ಕಥೆಯನ್ನೇ ನೋಡಿ. ಒಕ್ಲಹೋಮಾದ ಹಳ್ಳಿ ಹುಡುಗ ಕ್ಲಾಡ್, ಸೈನ್ಯಕ್ಕೆ ಸೇರಲೆಂದೇ ನ್ಯೂಯಾರ್ಕಿಗೆ ಬರುತ್ತಾನೆ. ನಡುವೆ ಎರಡು ದಿನ ಬಿಡುವಿದೆ. ಸೆಂಟ್ರಲ್ ಪಾರ್ಕಿನಲ್ಲಿ ಉದ್ದ ಕೂದಲಿನ ಬರ್ಗರ್ ಮತ್ತು ಅವನ ಗೆಳೆಯರು ಸಿಗುತ್ತಾರೆ. ಕುದುರೆ ಮೇಲೆ ಹೋಗುತ್ತಿದ್ದ ಶೀಲಾ ಎಂಬ ಸಿರಿವಂತರ ಮಗಳು ಕಣ್ಣಿಗೆ ಬೀಳುತ್ತಾಳೆ. ಹೋಗಬೇಡ ಎಂದು ಗೆಳೆಯರು ಎಷ್ಟು ಹೇಳಿದರೂ ಕ್ಲಾಡ್ ಹೋಗಿಯೇ ಹೋಗುತ್ತಾನೆ, ಸಮವಸ್ತ್ರ ಹಾಕುತ್ತಾನೆ, ನೆವಾಡಾದ ಮರಳುಗಾಡಿನ ತರಬೇತಿ ಶಿಬಿರ ಸೇರುತ್ತಾನೆ. ಅವನು ಓಡಲಿಲ್ಲ. ಬರ್ಗರ್ ಕೊನೆಗೆ ಎಲ್ಲಿ ಸಾಯುತ್ತಾನೆ ಅಂತ ನೀವೇ ನೋಡಿದ್ದೀರಿ. ಇಡೀ ಕಥೆಯಲ್ಲಿ ಯುದ್ಧಕ್ಕೆ ಬೆನ್ನು ತೋರಿಸಿ ಓಡಿದವನು ಒಬ್ಬನೂ ಇಲ್ಲ, ಟೀಚರ್.

ಇನ್ನೊಂದು ವಿಷಯವನ್ನು ದಯವಿಟ್ಟು ಅಣ್ಣನವರಿಗೆ ಓದಿ ಹೇಳಿ. ಆ ಯುದ್ಧ ಬೇಡ ಎಂದವರಲ್ಲಿ ಸೈನಿಕರೂ ಇದ್ದರು. 1971ರ ಏಪ್ರಿಲ್‌ನಲ್ಲಿ, ನಿಮ್ಮ ಅಣ್ಣ ಯುದ್ಧಕ್ಕೆ ಹೋದ ಅದೇ ವರ್ಷ, ವಿಯೆಟ್ನಾಮಿನಿಂದ ಮರಳಿದ ನೂರಾರು ಸೈನಿಕರು ವಾಷಿಂಗ್ಟನ್ನಿನ ಸಂಸತ್ ಭವನದ ಎದುರು ಸಾಲಾಗಿ ನಿಂತು ತಾವು ಗಳಿಸಿದ ಪದಕಗಳನ್ನು ಬೇಲಿಯಾಚೆ ಎಸೆದರು. ಕೆಲವರು ಗಾಲಿಕುರ್ಚಿಯಲ್ಲಿ ಬಂದಿದ್ದರು. ಪದಕದ ಬೆಲೆ ಏನು ಅಂತ ಯಾರಿಗಾದರೂ ಗೊತ್ತಿದ್ದರೆ ಅವರಿಗೇ ಗೊತ್ತು, ನಿಮ್ಮ ಅಣ್ಣನಿಗೆ ಗೊತ್ತು. ನಾವು ಹೊರಗಿನವರು.

ಈಗ ಹಾಡು ಕುಣಿತ. ಈ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು, ಯಾಕೆಂದರೆ ಉತ್ತರ ನಿಮ್ಮ ಪಕ್ಕದ ಸುಳ್ಯದಲ್ಲೇ ಸಿಗುತ್ತದೆ. ‘ಅಭಿಮನ್ಯು ಕಾಳಗ’ ಪ್ರಸಂಗವನ್ನು ಎಷ್ಟು ಸಲ ನೋಡಿರಬಹುದು ನೀವು? ಹದಿನಾರರ ಹುಡುಗ ಸಾಯಲು ಹೊರಟಿದ್ದಾನೆ, ಆಟ ನೋಡುವ ಎಲ್ಲರಿಗೂ ಅದು ಗೊತ್ತು, ಆದರೂ ಅವನು ಕುಣಿಯುತ್ತಾನೆ. ಎಂಥ ಕುಣಿತ ಅದು! ರಂಗಸ್ಥಳದ ಸುತ್ತ ಸುತ್ತಿ ಸುತ್ತಿ, ಚೆಂಡೆ ಏರಿದಷ್ಟೂ ಏರಿ. ಸಾವಿನ ಕಥೆಯಲ್ಲಿ ಕುಣಿತ ಯಾಕೆ ಅಂತ ಯಾರೂ ಎದ್ದು ಕೇಳುವುದಿಲ್ಲ. ಆ ಮೈಯಲ್ಲಿ ಎಷ್ಟು ಜೀವ ಇತ್ತು ಅಂತ ಕುಣಿತದಿಂದಲೇ ತಾನೆ ನಮಗೆ ಗೊತ್ತಾಗುವುದು? ಆ ಜೀವ ಕಂಡಿದ್ದರಿಂದಲೇ ಬೆಳಗಿನ ಜಾವ ಅವನು ಬಿದ್ದಾಗ ಎದೆ ಹಿಂಡುವುದು.

‘ಹೇರ್’ನಲ್ಲೂ ಅದೇ. ಬರ್ಗರ್ ಕರೆಯದ ಪಾರ್ಟಿಗೆ ನುಗ್ಗಿ ಊಟದ ಮೇಜಿನ ಮೇಲೆ ಹತ್ತಿ, ಗಾಜಿನ ಲೋಟ ಬೆಳ್ಳಿ ತಟ್ಟೆಗಳ ನಡುವೆ, ನನ್ನ ಹತ್ತಿರ ದುಡ್ಡಿಲ್ಲ ಆದರೆ ತಲೆ ಇದೆ, ಕೈ ಇದೆ, ಕಾಲಿದೆ, ಜೀವ ಇದೆ ಎಂಬ ಅರ್ಥದಲ್ಲಿ ತನ್ನ ಮೈಯ ಒಂದೊಂದು ಅಂಗವನ್ನೂ ಲೆಕ್ಕ ಹಾಕಿಕೊಂಡು ಹಾಡುವುದು ನಿಮಗೆ ಉದ್ಧಟತನವಾಗಿ ಕಂಡಿದೆ. ಹೌದು, ಉದ್ಧಟತನವೇ. ಆದರೆ ಅದೇ ಮೈ ಸಿನಿಮಾದ ಕೊನೆಯಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ನೆನಪಿಟ್ಟುಕೊಂಡು ಆ ಹಾಡನ್ನು ಇನ್ನೊಮ್ಮೆ ನೋಡಿ. ನನಗೆ ಎರಡನೇ ಸಲ ಆ ಹಾಡು ಕೇಳಲು ಕಷ್ಟವಾಯಿತು. ಬರ್ಗರ್ ಪಾತ್ರದ ಟ್ರೀಟ್ ವಿಲಿಯಮ್ಸ್ ಅಷ್ಟು ನಗುನಗುತ್ತಾ ಮಾಡಿದ್ದಾರೆ ಅದನ್ನು.

ಕುಣಿತವನ್ನು ಕಟ್ಟಿದವರು ಟ್ವೈಲಾ ಥಾರ್ಪ್. ಶುರುವಿನಲ್ಲಿ ಪಾರ್ಕಿನಲ್ಲಿ ಪೊಲೀಸರ ಕುದುರೆಗಳು ಹುಡುಗರ ಜೊತೆ ಹೆಜ್ಜೆ ಹಾಕುವುದನ್ನು ನಿಮ್ಮ ಮೊಮ್ಮಗಳು ಮೂರು ಸಲ ಹಿಂದೆ ಹಾಕಿಸಿ ನೋಡಿದಳು ಎಂದು ಬರೆದಿದ್ದೀರಿ. ಆ ಜಾಗ ನೋಡಿದಾಗೆಲ್ಲ ನನಗೂ ಖುಷಿ. ಮೇಲೆ ಕೂತವನು ಕಾನೂನು ಕಾಯಲು ಬಂದಿದ್ದಾನೆ, ಕೆಳಗಿನ ಕುದುರೆಗೆ ಮಾತ್ರ ತಾಳ ಕೇಳಿಸಿಬಿಟ್ಟಿದೆ.

ಇದೇ ಸಿನಿಮಾದಲ್ಲಿ ಅಂಕಿಗಳ ಒಂದು ಹಾಡಿದೆ. ಮೂರು, ಐದು, ಸೊನ್ನೆ, ಸೊನ್ನೆ. ಆ ಅಂಕಿ ಬಂದದ್ದು ಕವಿ ಅಲೆನ್ ಗಿನ್ಸ್‌ಬರ್ಗ್ ಅವರ ಒಂದು ಕವಿತೆಯಿಂದ. ಶತ್ರುಗಳು ತಿಂಗಳಿಗೆ ಇಷ್ಟು ಜನ ಸಾಯುತ್ತಿದ್ದಾರೆ ಎಂದು ಅಮೆರಿಕದ ಸೇನಾಪತಿಯೊಬ್ಬರು ಹೇಳಿದ ಲೆಕ್ಕ ಅದು. ಮೂರು ಸಾವಿರದ ಐನೂರು ಅಂತಲೂ ಅಲ್ಲ, ಟೆಲಿಫೋನ್ ನಂಬರು ಓದಿದ ಹಾಗೆ ಒಂದೊಂದೇ ಅಂಕಿ. ಆ ಯುದ್ಧದಲ್ಲಿ ನೆಲ ಗೆದ್ದ ಲೆಕ್ಕಕ್ಕಿಂತ ಹೆಣದ ಲೆಕ್ಕ ದೊಡ್ಡದಾಗಿತ್ತು. ಟೀವಿಯಲ್ಲಿ ಅಂಕಿ ಬರುತ್ತಿತ್ತು. 1969ರ ಡಿಸೆಂಬರ್ 1ರ ರಾತ್ರಿ ಇನ್ನೂ ಮುಂದೆ ಹೋಗಿ, ವರ್ಷದ 366 ದಿನಗಳನ್ನು ಚೀಟಿಯಲ್ಲಿ ಬರೆದು, ನೀಲಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ, ಗಾಜಿನ ಪಾತ್ರೆಯಿಂದ ಒಂದೊಂದೇ ಎತ್ತಿದರು. ಮೊದಲು ಬಂದ ತಾರೀಖು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗರಿಗೆ ಸೈನ್ಯಕ್ಕೆ ಹೋಗುವ ಸರದಿ ಮೊದಲು. ಹುಟ್ಟುಹಬ್ಬ ಇರುವುದು ಇದಕ್ಕಾ?

ನನ್ನ ಮಟ್ಟಿಗೆ ಈ ಸಿನಿಮಾ ಹೇಳುವುದು ಒಂದೇ ಮಾತು. ಪಟ್ಟಿಗೆ ಬೇಕಾದದ್ದು ಒಂದು ತಲೆ, ಆ ತಲೆ ಯಾರದು ಅನ್ನುವುದು ಪಟ್ಟಿಗೆ ಬೇಕಿಲ್ಲ. ಕೊನೆಯ ಇಪ್ಪತ್ತು ನಿಮಿಷ ಪೂರ್ತಿ ಅದರ ಮೇಲೇ ನಿಂತಿದೆ. ಕ್ಲಾಡ್‌ನನ್ನು ನೋಡಲು ಗೆಳೆಯರೆಲ್ಲ ಒಂದು ಕಾರಿನಲ್ಲಿ ತುಂಬಿಕೊಂಡು ನೆವಾಡಾಕ್ಕೆ ಹೋಗುತ್ತಾರೆ. ಗೇಟಿನಲ್ಲೇ ತಡೆಯುತ್ತಾರೆ. ಆಗ ಬರ್ಗರ್ ಮಾಡುವುದೇನು? ಕೂದಲು ಕತ್ತರಿಸಿಕೊಳ್ಳುತ್ತಾನೆ. ಜೈಲಿನಲ್ಲಿ ವೂಫ್ ಎಂಬ ಗೆಳೆಯ ಕೂದಲಿಗೆ ಕೈ ಹಾಕಲು ಬಿಡದೆ ಅಷ್ಟು ರಂಪ ಮಾಡಿದ್ದ, ಸಿನಿಮಾದ ಹೆಸರಿನ ಹಾಡೇ ಅಲ್ಲಿ ಬರುತ್ತದೆ. ಸರ್ಕಾರ ಹೇಳಿದರೂ, ಜೈಲು ಹೇಳಿದರೂ ಮುಟ್ಟಲು ಬಿಡದ ಕೂದಲನ್ನು ಬರ್ಗರ್ ಗೆಳೆಯನಿಗೆ ಒಂದು ಮಧ್ಯಾಹ್ನದ ಪಿಕ್‌ನಿಕ್ ಸಿಗಲಿ ಅಂತ ತಾನಾಗಿ ತೆಗೆಸುತ್ತಾನೆ. ಸಾರ್ಜೆಂಟ್ ಒಬ್ಬನ ಸಮವಸ್ತ್ರ ಹಾಕಿಕೊಂಡು ಶಿಬಿರದೊಳಗೆ ಹೋಗುತ್ತಾನೆ. ನೀನು ಹೋಗಿ ಶೀಲಾಳನ್ನು ನೋಡಿ ಬಾ, ಅಲ್ಲಿಯವರೆಗೆ ನಿನ್ನ ಜಾಗದಲ್ಲಿ ನಾನಿರುತ್ತೇನೆ ಅನ್ನುತ್ತಾನೆ. ಕೆಲವೇ ಗಂಟೆ. ಅಷ್ಟರಲ್ಲಿ ಆ ತುಕಡಿಗೆ ವಿಯೆಟ್ನಾಮಿಗೆ ಹೊರಡಲು ಆಜ್ಞೆ ಬರುತ್ತದೆ.

ಚಕ್ರವ್ಯೂಹ, ಟೀಚರ್. ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ. ನಾನು ಅವನಲ್ಲ ಎಂದು ಹೇಳಿದರೆ ಗೆಳೆಯ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ತಾನು ಹೋಗಬೇಕು. ಸಾಲು ಸಾಲು ಹುಡುಗರು ಬೂಟು ಕುಟ್ಟಿಕೊಂಡು ವಿಮಾನದ ಹಿಂದಿನ ಬಾಯಿಗೆ ನಡೆಯುತ್ತಾರೆ, ಒಳಗೆ ಬರೀ ಕತ್ತಲೆ, ಬರ್ಗರ್ ಹಾಡುತ್ತಾ ಹಾಡುತ್ತಾ ಆ ಕತ್ತಲೆಗೆ ಹೋಗಿಬಿಡುತ್ತಾನೆ. ಅಷ್ಟು ಜನರಲ್ಲಿ ಒಬ್ಬ ಬೇರೆಯವನು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎಣಿಕೆ ಸರಿಯಾಗಿದೆಯಲ್ಲ, ಸಾಕು. ಕ್ಲಾಡ್ ಓಡಿ ಬರುವಷ್ಟರಲ್ಲಿ ಬ್ಯಾರಕ್ ಖಾಲಿ. ಮುಂದಿನ ದೃಶ್ಯದಲ್ಲಿ ಸೈನಿಕರ ಸ್ಮಶಾನದ ಬಿಳಿ ಕಲ್ಲುಗಳು, ಒಂದರ ಮೇಲೆ ಬರ್ಗರ್ ಹೆಸರು. ಅದಾದ ಮೇಲೆ ಶ್ವೇತಭವನದ ಎದುರು ಸಾವಿರಾರು ಜನ ಹಾಡುತ್ತಾ ಓಡುವುದು. ನೀವು ‘ಕೊನೆಗೂ ಕುಣಿದೇ ಮುಗಿಸಿದರು’ ಎಂದು ಬರೆದದ್ದು ಆ ದೃಶ್ಯದ ಬಗ್ಗೆ. ನನಗೆ ಅದು ಕೇಳಿದ್ದು ಅಳುವ ಹಾಗೆ.

ಈ ಕೊನೆ ಮೂಲ ನಾಟಕದಲ್ಲಿ ಇರಲಿಲ್ಲ. ನಾಟಕ ಬರೆದವರು ಜೆರೋಮ್ ರಾಗ್ನಿ ಮತ್ತು ಜೇಮ್ಸ್ ರ್ಯಾಡೊ, ಸಂಗೀತ ಗಾಲ್ಟ್ ಮ್ಯಾಕ್‌ಡರ್ಮಟ್ ಅವರದು. 1967ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿನಲ್ಲಿ ಶುರುವಾಗಿ, 1968ರ ಏಪ್ರಿಲ್‌ನಲ್ಲಿ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಗೆ ಹೋಗಿ, ಅಲ್ಲಿ 1,750 ಪ್ರದರ್ಶನ ಕಂಡ ನಾಟಕ. ಅದರಲ್ಲಿ ಕ್ಲಾಡ್ ಹೊರಗಿನಿಂದ ಬಂದವನಲ್ಲ, ಆ ಗುಂಪಿನವನೇ, ಸಾಯುವುದೂ ಅವನೇ. ಸಿನಿಮಾಗೆ ಚಿತ್ರಕಥೆ ಬರೆದ ಮೈಕಲ್ ವೆಲ್ಲರ್ ಮತ್ತು ನಿರ್ದೇಶಕ ಮಿಲೋಸ್ ಫೋರ್ಮನ್ ಅದನ್ನು ತಿರುಗಿಸಿದರು. ರಾಗ್ನಿ, ರ್ಯಾಡೊ ಇಬ್ಬರಿಗೂ ಸಿನಿಮಾ ಹಿಡಿಸಲಿಲ್ಲ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಈ ಬದಲಾವಣೆಯೇ ಸಿನಿಮಾವನ್ನು ಉಳಿಸಿದೆ ಎಂದು ನಾನು ನಂಬುತ್ತೇನೆ. ಫೋರ್ಮನ್ ಜೆಕ್ ದೇಶದವರು. ತಂದೆ ತಾಯಿಯರನ್ನು ನಾಜಿ ಶಿಬಿರಗಳು ನುಂಗಿದವು. 1968ರ ಆಗಸ್ಟ್‌ನಲ್ಲಿ ಪ್ರಾಗ್‌ಗೆ ರಷ್ಯಾದ ಟ್ಯಾಂಕುಗಳು ನುಗ್ಗಿದ ಮೇಲೆ ಅವರು ಅಮೆರಿಕದಲ್ಲೇ ನೆಲೆಯಾದರು. ಮನುಷ್ಯರನ್ನು ಸಾಲು ನಿಲ್ಲಿಸಿ ಎಣಿಸುವುದು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೃಷ್ಣನ ನಾಮದ ವಿಷಯ. ಕ್ಲಾಡ್ ಮತ್ತಿನಲ್ಲಿ ಕಾಣುವ ಕನಸಿಗೆ ‘ಹರೇ ಕೃಷ್ಣ’ ಹಾಡು ಬರುತ್ತದೆ. ನಿಮಗೆ ನೋವಾದದ್ದು ಸಹಜ, ಅದನ್ನು ನಾನು ವಾದ ಮಾಡಿ ಅಳಿಸಲು ಹೋಗುವುದಿಲ್ಲ. ಅದು ಎಲ್ಲಿಂದ ಬಂತು ಅಂತ ಮಾತ್ರ ಹೇಳುತ್ತೇನೆ. 1965ರಲ್ಲಿ, 69ನೇ ವಯಸ್ಸಿನಲ್ಲಿ, ಭಕ್ತಿವೇದಾಂತ ಸ್ವಾಮಿ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದರು. ಮರುವರ್ಷ ಸೆಕೆಂಡ್ ಅವೆನ್ಯೂದ ಒಂದು ಸಣ್ಣ ಅಂಗಡಿ ಜಾಗದಲ್ಲಿ ಇಸ್ಕಾನ್ ಶುರು ಮಾಡಿದರು. ಹತ್ತಿರದ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನಲ್ಲಿ ಮರದ ಕೆಳಗೆ ಕೂತು ಕೀರ್ತನೆ ಮಾಡಿದರು. ಗಿನ್ಸ್‌ಬರ್ಗ್ ಕೂಡ ಬಂದು ದನಿಗೂಡಿಸಿದರು. ಕೇಳಲು ಬಂದವರು ಇದೇ ಉದ್ದ ಕೂದಲಿನ ಹುಡುಗರು. ಸ್ವಾಮಿಗಳು ಅವರಿಗೆ ಹೇಳಿದ್ದು ಏನು ಗೊತ್ತಾ? ಅಮಲೇರಿಸುವುದೆಲ್ಲ ಬಿಡಿ ಅಂತ. ಟೀ ಕಾಫಿ ಕೂಡ ಬೇಡ ಅಂತ. ಎಷ್ಟೋ ಜನ ಬಿಟ್ಟರು. ಕಥೆಯ ಈ ಅರ್ಧ ಭಾಗ ಸಿನಿಮಾದಲ್ಲಿ ಇಲ್ಲ, ಇರಬೇಕಿತ್ತು. ಆ ಕಾಲದ ಹುಡುಗರು ನಮ್ಮ ಗೋಕರ್ಣದ ಕಡಲಿನವರೆಗೂ ಬಂದು, ಕನ್ನಡಕ್ಕೆ ‘ಹಿಪ್ಪಿ’ ಎನ್ನುವ ಪದವನ್ನು ಬಿಟ್ಟು ಹೋದರು. ಆಮೇಲೆ ಕೂದಲು ಸ್ವಲ್ಪ ಉದ್ದ ಬಿಟ್ಟ ಯಾವ ಹುಡುಗನಿಗೂ ಮನೆಯಲ್ಲಿ ಅದೇ ಬೈಗುಳ. ಅವರು ಏನನ್ನು ಬೇಡ ಎಂದು ಮನೆ ಬಿಟ್ಟರು ಅನ್ನುವುದು ಮಾತ್ರ ಇಲ್ಲಿಗೆ ಬರಲೇ ಇಲ್ಲ.

ಆ ಹುಡುಗರ ಜವಾಬ್ದಾರಿ ಬಗ್ಗೆ ನೀವು ಬರೆದದ್ದನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಸಿನಿಮಾವೂ ಒಪ್ಪುತ್ತದೆ! ಹಡ್ ಎಂಬುವವನು ಊರಿನಲ್ಲಿ ಮದುವೆಗೆ ಮಾತು ಕೊಟ್ಟ ಹುಡುಗಿಯನ್ನೂ ಮಗುವನ್ನೂ ಬಿಟ್ಟು ಬಂದಿದ್ದಾನೆ. ಅವಳು ಮಗುವಿನ ಕೈ ಹಿಡಿದು ಹುಡುಕಿಕೊಂಡು ಬರುತ್ತಾಳೆ, ಅವನು ನಡುಬೀದಿಯಲ್ಲಿ ಅವಳನ್ನು ದೂರ ತಳ್ಳುತ್ತಾನೆ. ಆಗ ಆಕೆ ಒಂಟಿಯಾಗಿ ನಿಂತು ಹಾಡುತ್ತಾಳಲ್ಲ, ಅದನ್ನು ಹಾಡಿದವರು ಶೆರಿಲ್ ಬಾರ್ನ್ಸ್. ಲೋಕದ ಅನ್ಯಾಯಕ್ಕೆಲ್ಲ ಮರುಗುವವರು ಎದುರಿಗೇ ಇರುವ ಒಬ್ಬ ಜೊತೆಗಾರ್ತಿಯ ಬಗ್ಗೆ ಇಷ್ಟು ಕಲ್ಲಾಗುವುದು ಹೇಗೆ ಎಂದು ಅವಳು ಕೇಳುತ್ತಾಳೆ. ಇಡೀ ಸಿನಿಮಾದಲ್ಲಿ ನನ್ನನ್ನು ಜಾಸ್ತಿ ಕಾಡಿದ ಹಾಡು ಅದು. ಕುಣಿತ ಇಲ್ಲ, ಗುಂಪಿಲ್ಲ, ಒಂದು ಮುಖ ಅಷ್ಟೆ. ನಿಮ್ಮ ಪತ್ರದಲ್ಲಿ ಈ ಹಾಡಿನ ಮಾತೇ ಇಲ್ಲ. ಅದು ಬರುವಾಗ ನೀವು ಒಲೆಯ ಕಡೆ ಎದ್ದು ಹೋಗಿದ್ದಿರೋ ಏನೋ. ಮೊಮ್ಮಗಳು ಏನು ಕಲಿಯಬೇಕು ಎಂದು ಕೇಳಿದಿರಲ್ಲ, ಅವಳಿಗೆ ಆ ಹಾಡನ್ನು ತೋರಿಸಿ. ಚಳವಳಿ ಮಾಡುವ ಗಂಡಸರು ಮನೆಯಲ್ಲಿ ಹೇಗಿರುತ್ತಾರೆ ಎಂದು ಅವಳೂ ಒಂದು ದಿನ ನೋಡಬೇಕಾಗುತ್ತದೆ.

ಸಿನಿಮಾದ ಮೇಲೆ ನನಗಿರುವ ದೊಡ್ಡ ದೂರು ಬೇರೆ. ಯುದ್ಧದ ವಿರುದ್ಧ ಇಷ್ಟು ಹಾಡಿದ್ದಾರೆ, ಆದರೆ ಯುದ್ಧ ನಡೆದ ಊರಿನವರು ಎಲ್ಲಿ? ಅಮೆರಿಕದ 58 ಸಾವಿರಕ್ಕೂ ಜಾಸ್ತಿ ಸೈನಿಕರು ಸತ್ತರು. ವಿಯೆಟ್ನಾಮಿನವರು ಸತ್ತದ್ದು ಹತ್ತಾರು ಲಕ್ಷ. ಗದ್ದೆಯಲ್ಲಿ ನಿಂತವರು, ಮಕ್ಕಳು, ಮುದುಕರು. ಅವರಲ್ಲಿ ಒಬ್ಬರಿಗೂ ಇಲ್ಲಿ ಹೆಸರಿಲ್ಲ, ಮಾತಿಲ್ಲ. ಮನುಷ್ಯನ ಹೆಸರಿನ ಪರವಾಗಿ ನಿಂತ ಸಿನಿಮಾದಲ್ಲೇ ಅವರು ಲೆಕ್ಕವಾಗಿ ಉಳಿದುಬಿಟ್ಟರು. ನಮ್ಮ ಲೇಖನದಲ್ಲೂ ಇದನ್ನು ಹೇಳಿರಲಿಲ್ಲ. ಅದು ತಪ್ಪು, ಆ ತಪ್ಪು ಸಂಪಾದಕನಾಗಿ ನನ್ನದು.

ಇನ್ನೊಂದು ವಿಷಯ ಹೇಳಬೇಕು ಅನ್ನಿಸುತ್ತಿದೆ. 1982ರಲ್ಲಿ ವಾಷಿಂಗ್ಟನ್ನಿನಲ್ಲಿ ಆ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರಿಗೆ ಒಂದು ಗೋಡೆ ಕಟ್ಟಿದರು. ಅದರ ನಕ್ಷೆ ಮಾಡುವಾಗ ಮಾಯಾ ಲಿನ್‌ಗೆ 21 ವರ್ಷ, ಇನ್ನೂ ಓದುತ್ತಿದ್ದ ಹುಡುಗಿ. ಗೋಡೆಯ ಮೇಲೆ ಪ್ರತಿಮೆ ಇಲ್ಲ, ಘೋಷಣೆ ಇಲ್ಲ. ಬರೀ ಹೆಸರುಗಳು. ಯಾರು ಅಧಿಕಾರಿ, ಯಾರು ಸಿಪಾಯಿ ಅಂತ ಇಲ್ಲ. ಬಿದ್ದ ದಿನದ ಕ್ರಮದಲ್ಲಿ ಒಬ್ಬರ ಪಕ್ಕ ಒಬ್ಬರು. ಕಪ್ಪು ಗ್ರಾನೈಟಿಗೆ ಕನ್ನಡಿಯ ಹಾಗೆ ಪಾಲಿಶ್ ಮಾಡಿರುವುದರಿಂದ, ಹೆಸರು ಓದಲು ನಿಂತವರ ಮುಖ ಹೆಸರುಗಳ ನಡುವೆ ಕಾಣುತ್ತದೆ. ಆ ಕಲ್ಲು ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ. ಇಲ್ಲಿನ ಕ್ವಾರಿಯ ಕಲ್ಲು ಹಡಗು ಹತ್ತಿ ಅಲ್ಲಿಗೆ ಹೋಗಿ ನಿಂತಿದೆ. ಜನ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ತಮ್ಮ ಮನೆಯ ಹುಡುಗನ ಹೆಸರನ್ನು ಕಾಗದಕ್ಕೆ ಇಳಿಸಿಕೊಂಡು ಹೋಗುತ್ತಾರೆ.

ನೀವು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಒಂದು ಸಾಲು ಇದೆ. ಅಣ್ಣ 1971ರ ಬಗ್ಗೆ ಇವತ್ತಿನವರೆಗೂ ಮನೆಯಲ್ಲಿ ಏನೂ ಮಾತಾಡಿಲ್ಲ, ಪ್ರತಿ ಡಿಸೆಂಬರ್‌ನಲ್ಲಿ ಒಂದು ದಿನ ಮಾತ್ರ ಬೆಳಿಗ್ಗೆ ಬೇಗ ಎದ್ದು ತೋಟಕ್ಕೆ ಹೋಗಿ ಸಂಜೆವರೆಗೆ ಬರುವುದಿಲ್ಲ ಅಂತ. ಅವರ ಜೊತೆ ಹೋಗಿ ತಿರುಗಿ ಬರದವರ ಹೆಸರು ಅವರಿಗೆ ನೆನಪಿರುತ್ತದೆ. ಅವರಿಗೆ ಒಪ್ಪಿಗೆ ಇದ್ದರೆ, ಸುಮ್ನೆ ಪಕ್ಕದಲ್ಲಿ ಕೂತು ಅವರು ಹೇಳಿದಷ್ಟನ್ನು ಬರೆದುಕೊಳ್ಳಿ, ಅಥವಾ ಮೊಮ್ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಒಪ್ಪದಿದ್ದರೆ ಒತ್ತಾಯ ಬೇಡ. ಕಳಿಸಿದರೆ ಡಿಸೆಂಬರ್ ಸಂಚಿಕೆಯಲ್ಲಿ ಹಾಕುತ್ತೇವೆ. ಒಂದು ಅಕ್ಷರವನ್ನೂ ನಾನು ತಿದ್ದುವುದಿಲ್ಲ. ಈ ಸಿನಿಮಾಗೆ ಆರು ಪುಟ ಯಾಕೆ ಕೊಟ್ಟಿರಿ ಎಂದು ಕೇಳಿದ್ದೀರಿ. ಅಣ್ಣನವರಿಗೆ ಎಷ್ಟು ಬೇಕೋ ಅಷ್ಟು ಪುಟ ಇಟ್ಟಿರುತ್ತೇನೆ.

ಮೊಮ್ಮಗಳಿಗೆ ನನ್ನ ನೆನಪು ಹೇಳಿ.

ನಿಮ್ಮ,
ಸಂಪಾದಕ